ಜ್ವಾಳದ ತೆನಿ, ಜ್ವಾಳದ ಕಣಿಕಿ

ಊರು ಬೆಳುಂಕಿ, ಜತ್ ತಾಲೂಕು. ಮಾತಾಡುವವರು ಇಬ್ಬರು: ದ್ರಾಕ್ಷಿ, ದಾಳಿಂಬೆ, ಜೋಳ ಬೆಳೆಯುವ ಕಾಕಾ, ವಿಜಯಪುರದಲ್ಲಿ ರಸಾಯನಶಾಸ್ತ್ರದ ಎಂ.ಎಸ್‌ಸಿ ಓದುತ್ತಿರುವ ಅವರ ಅಣ್ಣನ ಮಗಳು.

ಕಾಕಾ: ಈ ಎರಡು ಪಾಕೀಟು ನೋಡು ಮಗಳ. ಎರಡೂ ದ್ರಾಕ್ಷಿಗೆ ಡೌನಿ ರೋಗ ಬಂದಾಗ ಹೊಡಿಯೂ ಔಷಧ. ಒಂದರ ಮ್ಯಾಲ ಮೆಟಲಾಕ್ಸಿಲ್ 8, ಮ್ಯಾಂಕೋಜೆಬ್ 64 ಅಂತ ಬರದಾರ. ಇನ್ನೊಂದರ ಮ್ಯಾಲ ಮೆಟಲಾಕ್ಸಿಲ್-ಎಂ 4, ಮ್ಯಾಂಕೋಜೆಬ್ 64. ಅಂಗಡಿಯವ ಹೇಳ್ತಾನ, ಈ ನಾಕು ಆ ಎಂಟರಷ್ಟೇ ಕೆಲಸ ಮಾಡ್ತದ ಅಂತ. ಅರ್ಧ ಔಷಧ ಪೂರಾ ಕೆಲಸ ಹೆಂಗ ಮಾಡ್ತದ?

ಮಗಳು: ಅವರು ಹೇಳಿದ್ದು ಖರೆ ಅದ ಕಾಕಾ. ಆ ಎಂಟರೊಳಗ ನಾಕು ಪಾಲು ಡೌನಿ ಮ್ಯಾಲ ಹೆಚ್ಚೇನೂ ಮಾಡೂದಿಲ್ಲ, ಸುಮ್ಮನ ಎಲಿ ಮ್ಯಾಲ ಬಿದ್ದು ಮಣ್ಣಿಗೆ ಹೋಗ್ತದ. ಕೆಲಸ ಮಾಡೂದು ಉಳಿದ ನಾಕು. ಎರಡನೇ ಪಾಕೀಟಿನವರು ಆ ಕೆಲಸದ ಪಾಲನ್ನಷ್ಟ ತಯಾರಿಸಿ ಕೊಟ್ಟಾರ.

ಕಾಕಾ: ಅಂದ್ರ ಮೊದಲಿನದರೊಳಗ ಕಲಬೆರಕಿ ಇತ್ತೇನ?

ಮಗಳು: ಕಲಬೆರಕಿ ಅಲ್ಲ. ಎರಡೂ ಪಾಲು ಮೆಟಲಾಕ್ಸಿಲ್ಲೇ. ಎರಡರೊಳಗೂ ಅವೇ ಪರಮಾಣು, ಅಷ್ಟೇ ಪರಮಾಣು, ಒಂದಕ್ಕೊಂದು ಕೂಡಿದ ಕ್ರಮವೂ ಅದೇ. ತೂಕ ಅದೇ, ಕರಗೂ ಉಷ್ಣತೆ ಅದೇ. ಫರಕು ಇರೂದು ಒಂದೇ ಒಂದು ಕಾರ್ಬನ್ನಿನ ಹತ್ರ. ಕಾರ್ಬನ್ನಿಗೆ ನಾಕು ಬಂಧ. ಅವು ಕಾಗದದ ಮ್ಯಾಲ ಬರದಂಗ ಚಪ್ಪಟಿ ಇರೂದಿಲ್ಲ, ನಾಕು ದಿಕ್ಕಿಗೆ ಚಾಚಿಕೊಂಡಿರ್ತಾವ. ಆ ನಾಕಕ್ಕೂ ನಾಕು ಬ್ಯಾರೆ ಬ್ಯಾರೆ ಗುಂಪು ಕೂಡಿದ್ರ ಜೋಡಿಸೂ ರೀತಿ ಎರಡಾಗ್ತಾವ. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಇರ್ತಾವಲ್ಲ, ಹಂಗ. ಚರ್ಮ ಅದೇ, ಹೊಲಿಗಿ ಅದೇ, ತೂಕ ಅದೇ. ಆದ್ರ ಬಲಗಾಲು ಎಡದ್ದರೊಳಗ ಹೋಗೂದಿಲ್ಲ. ಡೌನಿ ರೋಗಾಣುವಿನ ಒಳಗ ಈ ಔಷಧ ಹೋಗಿ ಕೂಡೂ ಜಾಗ ಅದಲ್ಲ, ಅದು ಒಂದೇ ಕಾಲಿನದು.

ಕಾಕಾ: ಈ ಎಡ-ಬಲ ಯಾರ ಕಣ್ಣಿಗೆ ಮೊದಲ ಬಿತ್ತು? ಅಣು ಏನು ಕಣ್ಣಿಗೆ ಕಾಣೂ ವಸ್ತುವೇನ?

ಮಗಳು: ಇದು ನಿಮಗ ಹೇಳಲೇಬೇಕು, ಯಾಕಂದ್ರ ಅದು ದ್ರಾಕ್ಷಿಯಿಂದನ ಹೊರಗ ಬಿದ್ದ ಮಾತು. ದ್ರಾಕ್ಷಿ ಹುಳಿ ಅಂದ್ರ ಟಾರ್ಟಾರಿಕ್ ಆಮ್ಲ. ನಮ್ಮ ಹುಣಸಿಹಣ್ಣಿನ ಹುಳಿಯೂ ಅದೇ. ದ್ರಾಕ್ಷಿ ರಸ ವೈನ್ ಆಗೂಮುಂದ ಪೀಪಾಯಿ ಗ್ವಾಡಿಗೆ ಈ ಹುಳಿಯ ಪೊಟ್ಯಾಸಿಯಂ ಲವಣ ಹಕ್ಕಳಿ ಕಟ್ತದ. ಅದನ್ನ ಕೆರೆದು ತೆಗೆದು ಬಟ್ಟಿಗೆ ಬಣ್ಣ ಹಾಕೂ ಕೆಲಸಕ್ಕ ಮಾರ್ತಿದ್ರು. ಫ್ರಾನ್ಸಿನ ಥಾನ್ ಅನ್ನೂ ಊರಾಗ ಒಬ್ಬ ಕಾರಖಾನೆಯವಂಗ 1820ರ ಆಸುಪಾಸು ಇದರ ಜೋಡಿ ಇನ್ನೊಂದು ಆಮ್ಲ ಸಿಕ್ತು. ಪರೀಕ್ಷಿ ಮಾಡಿ ನೋಡಿದ್ರ ಪರಮಾಣುಗಳ ಲೆಕ್ಕ ಅದೇ. ಒಂದೇ ಫರಕು: ಟಾರ್ಟಾರಿಕ್ ಆಮ್ಲದ ನೀರಿನೊಳಗ ಒಂದೇ ಪಾತಳಿಯಾಗ ಕಂಪಿಸೂ ಬೆಳಕು ಬಿಟ್ರ ಆ ಪಾತಳಿ ಬಲಕ್ಕ ತಿರಗ್ತದ. ಈ ಹೊಸಾದರೊಳಗ ತಿರಗೂದೇ ಇಲ್ಲ.

ಕಾಕಾ: ಬೆಳಕು ತಿರಗ್ತದ ಅಂತ ಗೊತ್ತಿತ್ತೇನ ಆಗ?

ಮಗಳು: ಬಿಯೋ ಅನ್ನಾವರು 1815ರಾಗ ಅದನ್ನ ಕಂಡಿದ್ರು. ಟರ್ಪೆಂಟೈನ್ ಎಣ್ಣಿಯಂಥಾ ಕೆಲವು ದ್ರವ ಬೆಳಕಿನ ಪಾತಳಿ ತಿರುಗಸ್ತಾವ ಅಂತ. ಯಾಕ ತಿರುಗಸ್ತಾವ ಅನ್ನೂದು ಯಾರಿಗೂ ತಿಳಿದಿದ್ದಿಲ್ಲ. 1848ರಾಗ ಪ್ಯಾರಿಸ್ಸಿನ್ಯಾಗ ಲೂಯಿ ಪಾಶ್ಚರ್, ಆಗ ಅವರಿಗೆ ಇಪ್ಪತ್ತೈದು ವರ್ಷ, ಆ ತಿರುಗಿಸದ ಆಮ್ಲದ ಸೋಡಿಯಂ ಅಮೋನಿಯಂ ಲವಣ ಮಾಡಿ ಹರಳು ಕಟ್ಟಾಕ ಇಟ್ರು. ಹರಳು ಬಂದ ಮ್ಯಾಲ ಒಂದೊಂದನ್ನ ಕೈಯಾಗ ಹಿಡಿದು ನೋಡಿದ್ರು. ಹರಳಿನ ಒಂದು ಮೂಲ್ಯಾಗ ಸಣ್ಣದೊಂದು ಓರೆ ಮುಖ. ಕೆಲವಕ್ಕ ಅದು ಬಲಕ್ಕ ಓರೆ, ಕೆಲವಕ್ಕ ಎಡಕ್ಕ ಓರೆ. ಕುಂತು ಒಂದೊಂದಾಗಿ ಆರಿಸಿ ಎರಡು ಗುಂಪು ಮಾಡಿದ್ರು. ಬ್ಯಾರೆ ಬ್ಯಾರೆ ನೀರಾಗ ಕರಗಿಸಿ ಬೆಳಕು ಬಿಟ್ರು. ಒಂದು ಬಲಕ್ಕ ತಿರುಗಿಸ್ತು, ಇನ್ನೊಂದು ಎಡಕ್ಕ. ಎರಡೂ ಸಮಾ ಸಮಾ ಕೂಡಿಸಿದ್ರ ತಿರುಗೂದು ಬಂದ್. ಎಪ್ಪತ್ತು ದಾಟಿದ ಬಿಯೋ ಅಷ್ಟಕ್ಕ ನಂಬಲಿಲ್ಲ. ಪಾಶ್ಚರ್‌ನ ಕರೆಸಿ, ತಮ್ಮ ಕಡಿ ಇದ್ದ ಆಮ್ಲ ಕೊಟ್ಟು, ತಮ್ಮ ಕಣ್ಣ ಮುಂದನ ಮಾಡಿಸಿ, ಎಡದ್ದರ ಗುಣ ತಾವ ಅಳತಿ ಮಾಡಿ ನೋಡಿದ್ರು. ಆಮ್ಯಾಲ ಒಪ್ಪಿದ್ರು.

ಕಾಕಾ: ಹರಳು ಆರಿಸೂದು ನಾವೂ ಮಾಡಬಹುದಲ್ಲ. ಒಣದ್ರಾಕ್ಷಿ ಬೇದಾಣಿ ಶೆಡ್ಡಿನ್ಯಾಗ ಕಾಳು ಆರಿಸೂ ಹೆಣ್ಮಕ್ಕಳು ಇದಕ್ಕಿಂತ ಸಣ್ಣ ಫರಕು ಹಿಡೀತಾರ.

ಮಗಳು: ಹಿಡೀತಾರ ಕಾಕಾ, ಆದ್ರ ನಮ್ಮ ಏಪ್ರಿಲ್ ಬಿಸಲಾಗ ಆ ಹರಳೇ ಬರೂದಿಲ್ಲ. ಆ ಲವಣ ಸುಮಾರು 27 ಡಿಗ್ರಿ ಕೆಳಗಷ್ಟ ಎಡ-ಬಲ ಬ್ಯಾರೆ ಬ್ಯಾರೆ ಹರಳಾಗ್ತದ. ಅದಕ್ಕಿಂತ ಕಾವು ಏರಿದ್ರ ಎಡ-ಬಲ ಎರಡೂ ಕೂಡಿ ಒಂದೇ ನಮೂನಿ ಹರಳು ಕಟ್ತಾವ, ಆರಿಸಾಕ ಏನೂ ಉಳಿಯೂದಿಲ್ಲ. ಪ್ಯಾರಿಸ್ಸಿನ ತಂಪಿನಾಗ ಪಾಶ್ಚರ್‌ಗೆ ಸಿಕ್ಕದ್ದು ಜತ್ತಿನ ಬ್ಯಾಸಗ್ಯಾಗ ಸಿಗತಿದ್ದಿಲ್ಲ. ಹಂಗಂತ ಅವರದ್ದು ಬರೇ ದೈವ ಅನ್ನಬಾರದು. ಅದೇ ಲವಣದ ಹರಳನ್ನ ಅವರಕಿಂತ ಮೊದಲ ಜರ್ಮನಿಯ ಮಿಚರ್ಲಿಖ್ ಅನ್ನೂ ದೊಡ್ಡ ವಿದ್ವಾಂಸರು ನೋಡಿ, ಎರಡು ಆಮ್ಲದ ಹರಳಿಗೂ ಫರಕಿಲ್ಲ ಅಂತ ಬರದಿದ್ರು. ಫರಕು ಇರಾಕಬೇಕು ಅಂತ ಹಟ ಹಿಡಿದು ಓರೆ ಮುಖ ಹುಡುಕಿದವರು ಪಾಶ್ಚರ್.

ಕಾಕಾ: ಕಾರ್ಬನ್ನಿನ ನಾಕು ದಿಕ್ಕಿನ ಮಾತು ಅವರದ ಏನ?

ಮಗಳು: ಅಲ್ಲ. ಅದು 1874ರಾಗ ಬಂತು. ಹಾಲೆಂಡಿನ ವಾಂಟ್ ಹಾಫ್, ಫ್ರಾನ್ಸಿನ ಲಬೆಲ್, ಇಬ್ಬರೂ ಸಣ್ಣ ವಯಸ್ಸಿನವರು, ಒಬ್ಬರಿಗೊಬ್ಬರು ಕೇಳದ ಅದನ್ನ ಹೇಳಿದ್ರು. ವಾಂಟ್ ಹಾಫ್ ಆಮ್ಯಾಲ ದನದ ಡಾಕ್ಟರ್ ಸಾಲ್ಯಾಗ ಪಾಠ ಹೇಳ್ತಿದ್ರು. ಒಬ್ಬ ಹಿರಿಯ ಪ್ರೊಫೆಸರ್ ಅದನ್ನ ಎತ್ತಿ ಆಡಿ ಭಾಳ ಕಟುವಾಗಿ ಬರದ್ರು. 1901ರಾಗ ರಸಾಯನಶಾಸ್ತ್ರದ ಮೊದಲನೇ ನೊಬೆಲ್ ಬಂದದ್ದು ಆ ವಾಂಟ್ ಹಾಫ್‌ಗ.

ಕಾಕಾ: ಆತು, ತಿಳೀತು. ಒಂದೊಂದು ವಸ್ತುವಿಗೆ ಎಡದ್ದೊಂದು, ಬಲದ್ದೊಂದು. ಕನ್ನಡಿಯಾಗಿನ ಬಿಂಬ ಇದ್ದಂಗ.

ಮಗಳು: ಕಾಲೇಜಿನ ಭಾಳ ಹುಡುಗರೂ ಅಲ್ಲಿಗೇ ನಿಂತು ಬಿಡ್ತಾರ ಕಾಕಾ. ನನಗ ಮುಖ್ಯ ಅನಸೂದು ಅದರ ಮುಂದಿನ ಮಾತು. ನಾಕು ಬ್ಯಾರೆ ಗುಂಪು ಕೂಡಿದ ಅಂಥಾ ತಿರುಗೂ ಕಾರ್ಬನ್ ಒಂದೇ ಇದ್ರ ಎಡ-ಬಲ, ಕಥಿ ಮುಗೀತು. ಒಂದಕ್ಕಿಂತ ಹೆಚ್ಚು ಇದ್ರ? ಆ ರಸಗೊಬ್ಬರದ ಬಿಲ್ಲು ಕೊಡ್ರಿ, ಹಿಂದ ಬರದು ತೋರಸ್ತೀನಿ. ಇಲ್ಲಿ ಮ್ಯಾಲಿಂದ ಕೆಳಗ ಒಂದು ಗೆರಿ. ಇದು ಗ್ಲುಕೋಸ್. ಆರು ಕಾರ್ಬನ್. ನಡಬರಕಿನ ನಾಕಕ್ಕ, ಅಂದ್ರ ಎರಡನೇದು, ಮೂರನೇದು, ನಾಕನೇದು, ಐದನೇದು, ಒಂದೊಂದಕ್ಕ ಒಂದು ಓಎಚ್ ಗುಂಪು. ಅದು ಬಲಕ್ಕರೆ ಇರಬೇಕು, ಎಡಕ್ಕರೆ ಇರಬೇಕು. ಗ್ಲುಕೋಸಿನೊಳಗ ಮ್ಯಾಲಿಂದ ಓದ್ರಿ: ಬಲ, ಎಡ, ಬಲ, ಬಲ.

ಕಾಕಾ: ಬಲ, ಎಡ, ಬಲ, ಬಲ. ಇದರ ಕನ್ನಡಿ ಬಿಂಬ ಅಂದ್ರ ಎಡ, ಬಲ, ಎಡ, ಎಡ.

ಮಗಳು: ಬರೋಬರಿ. ನಾಕೂ ತಿರುಗಿದ್ರ ಅದು ಕನ್ನಡಿ ಬಿಂಬ. ಅದು 146 ಡಿಗ್ರಿಗೇ ಕರಗ್ತದ, ಗ್ಲುಕೋಸೂ 146ಕ್ಕೇ. ಗ್ಲುಕೋಸ್ ಬೆಳಕನ್ನ ಎಷ್ಟು ಬಲಕ್ಕ ತಿರುಗಿಸ್ತದೋ ಅದು ಅಷ್ಟೇ ಎಡಕ್ಕ. ನಾಲಿಗಿಗೂ ಸಿಹಿ ಹತ್ತತದ. ಆದ್ರ ಮೈಯಿಗೆ ಶಕ್ತಿ ಕೊಡೂದಿಲ್ಲ. ಈಗ ನಾಕನ್ನೂ ತಿರುಗಿಸಬ್ಯಾಡ್ರಿ. ಬರೇ ನಾಕನೇ ಕಾರ್ಬನ್ನಿನದು ಒಂದನ್ನ ಎಡಕ್ಕ ಒಯ್ರಿ. ಏನಾತು?

ಕಾಕಾ: ಬಲ, ಎಡ, ಎಡ, ಬಲ.

ಮಗಳು: ಇದು ಗ್ಯಾಲಕ್ಟೋಸ್. ಹಾಲಿನಾಗಿನ ಸಕ್ಕರಿಯ ಅರ್ಧ ಪಾಲು. ಗ್ಲುಕೋಸಿಗೆ ಇದು ಕನ್ನಡಿ ಬಿಂಬ ಅಲ್ಲ, ಮೂರು ಕಡಿ ಅದರಂಗ ಇದ್ದು ಒಂದೇ ಕಡಿ ತಿರುಗಿದ್ದು. ಹಿಂಗ ಹಲವು ತಿರುಗೂ ಕಾರ್ಬನ್ನಿನೊಳಗ ಒಂದರಾಗಷ್ಟ ಫರಕು ಇದ್ದ ಜೋಡಿಗೆ ಎಪಿಮರ್ ಅಂತಾರ. ಇಲ್ಲಿ ಚಪ್ಪಲಿ ಹೋಲಿಕಿ ನಡಿಯೂದಿಲ್ಲ. ಎಡ-ಬಲ ಚಪ್ಪಲಿ ತೂಕದಾಗ, ಅಳತಿಯಾಗ ಒಂದೇ. ಎಪಿಮರುಗಳು ತೂಕ ಬಿಟ್ಟು ಉಳಿದ ಗುಣದಾಗ ಬ್ಯಾರೆ. ಗ್ಲುಕೋಸ್ 146ಕ್ಕ ಕರಗಿದ್ರ ಗ್ಯಾಲಕ್ಟೋಸ್ ಸುಮಾರು 167ಕ್ಕ. ಸಿಹಿ ಕಡಿಮಿ. ನೀರಾಗ ಕರಗೂದೂ ಕಡಿಮಿ. ಬೆಳಕು ಗ್ಲುಕೋಸ್ 52.7 ಡಿಗ್ರಿ ತಿರುಗಿಸಿದ್ರ ಇದು 80ರಷ್ಟು ತಿರುಗಿಸ್ತದ. ಇನ್ನು ಎರಡನೇ ಕಾರ್ಬನ್ ಒಂದನ್ನ ತಿರುಗಿಸಿದ್ರ ಮ್ಯಾನೋಸ್, 132ಕ್ಕೇ ಕರಗ್ತದ. ಕಾಗದದ ಮ್ಯಾಲ ಕನ್ನಡಿ ಬಿಂಬ ದೂರದ್ದು ಕಾಣ್ತದ, ನಾಕೂ ತಿರುಗಿರ್ತಾವಲ್ಲ. ಎಪಿಮರ್ ಹತ್ರದ್ದು ಕಾಣ್ತದ. ಪರೀಕ್ಷಾ ನಳಿಕೆಯಾಗ ಉಲ್ಟಾ: ಎಲ್ಲಾ ತಿರುಗಿದ್ದು ಒಂದೇ ತರಹ ನಡಕೋತದ, ಒಂದು ತಿರುಗಿದ್ದು ಪರಕೀಯ ಆಗ್ತದ. ಅಣುವಿನ ಒಳಗ ಒಂದು ಗುಂಪಿಗೂ ಇನ್ನೊಂದಕ್ಕೂ ಇರೂ ಅಂತರ ಕನ್ನಡಿಯಾಗ ಬದಲಾಗೂದಿಲ್ಲ. ಒಂದನ್ನಷ್ಟ ತಿರುಗಿಸಿದ್ರ ಬದಲಾಗ್ತದ. ಕಾರಣ ಅದು.

ಕಾಕಾ: ಹಿಂಗ ತಿರುಗಿಸಿಕೋತ ಹೋದ್ರ ಎಷ್ಟಾಗ್ತಾವ?

ಮಗಳು: ನಾಕು ಕಡಿ ಎರಡೆರಡು, ಒಟ್ಟು 16. ಯಾವುದು ಯಾವ ಸಕ್ಕರಿ ಅಂತ ಬರೇ ರಸಾಯನ ಕ್ರಿಯೆಯಿಂದ, ಒಂದು ಅಣುವನ್ನೂ ಕಣ್ಣಿಲೆ ನೋಡದ, 1891ರಾಗ ಜರ್ಮನಿಯ ಎಮಿಲ್ ಫಿಷರ್ ಬಿಡಿಸಿದ್ರು. ನನಗ ರಸಾಯನಶಾಸ್ತ್ರದಾಗ ಇದಕ್ಕಿಂತ ಚಂದದ ತರ್ಕ ಕಂಡಿಲ್ಲ. ಅವರಿಗೆ 1902ರಾಗ ನೊಬೆಲ್ ಬಂತು. ಆದ್ರ ಒಂದು ಮಾತು ಬಾಕಿ ಉಳಿದಿತ್ತು. ಯಾವುದು ಯಾವುದಕ್ಕ ಎಪಿಮರ್ ಅಂತ ಹೇಳಬಹುದಿತ್ತು, ಆದ್ರ ಐದನೇ ಕಾರ್ಬನ್ನಿನ ಓಎಚ್ ಖರೇನ ಬಲಕ್ಕ ಅದನೋ ಎಡಕ್ಕ ಅದನೋ ಹೇಳಾಕ ದಾರಿ ಇದ್ದಿಲ್ಲ. ಫಿಷರ್ ಬಲಕ್ಕ ಇಟ್ಕೊಂಡು ನಡದ್ರು. ಹಾಲೆಂಡಿನ ಬೈಫೂಟ್ ಮತ್ತ ಅವರ ಜೋಡಿಯವರು 1951ರಾಗ ಎಕ್ಸ್‌ರೇ ಬಿಟ್ಟು ಖರೆ ದಿಕ್ಕು ಕಂಡ್ರು. ಫಿಷರ್ ಇಟ್ಟದ್ದು ಸರಿ ಇತ್ತು. ಆ ಎಕ್ಸ್‌ರೇ ಬಿಟ್ಟ ಹರಳು ಯಾವುದು ಗೊತ್ತೇನ್ರಿ? ದ್ರಾಕ್ಷಿ ಹುಳಿಯ ಸೋಡಿಯಂ ರುಬಿಡಿಯಂ ಲವಣ.

ಕಾಕಾ: ನನ್ನ ಬ್ರಿಕ್ಸ್ ಮೀಟರ್ ಈ ಸಕ್ಕರಿಗಳ ಫರಕು ಹೇಳ್ತದೇನ? ಕೊಯ್ಲಿಗೆ ಮೊದಲ ಎರಡು ಹನಿ ಹಾಕಿ ನೋಡ್ತೀನಲ್ಲ.

ಮಗಳು: ಇಲ್ಲ. ಅದು ಬೆಳಕು ಎಷ್ಟು ಬಾಗ್ತದ ಅಂತ ನೋಡ್ತದ, ಒಟ್ಟು ಏನೇನು ಕರಗ್ಯದ ಅಷ್ಟ ಹೇಳ್ತದ. ತಿರುಗೂದನ್ನ ನೋಡೂದು ಪೋಲಾರಿಮೀಟರ್. ಕೃಷ್ಣಾ ದಂಡಿ ಕಬ್ಬಿನವರಿಗೆ ಅದು ಗೊತ್ತು, ಸಕ್ಕರಿ ಕಾರಖಾನೆಯಾಗ ‘ಪೋಲ್’ ಅಂತಾರಲ್ಲ, ಅದೇ. ಕಬ್ಬಿನ ಸಕ್ಕರಿ ಬೆಳಕನ್ನ 66.5 ಡಿಗ್ರಿ ಬಲಕ್ಕ ತಿರುಗಿಸ್ತದ. ಕಡಿದ ಕಬ್ಬು ಗಾಡಿಯಾಗ ದಿನಗಟ್ಟಲೆ ನಿಂತ್ರ ಆ ಸಕ್ಕರಿ ಒಡದು ಗ್ಲುಕೋಸ್, ಫ್ರಕ್ಟೋಸ್ ಆಗ್ತದ. ಫ್ರಕ್ಟೋಸ್ ಜೋರಾಗಿ ಎಡಕ್ಕ ತಿರುಗಿಸೂದು, 92 ಡಿಗ್ರಿ. ಬ್ರಿಕ್ಸ್ ಇಳಿಯೂದಿಲ್ಲ, ಪೋಲ್ ಇಳೀತದ. ಕಾರಖಾನೆಯವರಿಗೆ ಬೇಕಾದದ್ದು ಹರಳಾಗೂ ಸಕ್ಕರಿ, ಅದಕ್ಕ ಅವರು ಎರಡೂ ಅಳೀತಾರ. ರೈತರ ದರ ನಿಂತದ್ದು ಕಬ್ಬಿನಿಂದ ಸಿಗೂ ಸಕ್ಕರಿ ಪಾಲು, ಅಂದ್ರ ರಿಕವರಿ ಮ್ಯಾಲ, ರಿಕವರಿ ನಿಂತದ್ದು ಈ ತಿರುವಿನ ಮ್ಯಾಲ.

ಕಾಕಾ: ಹಾಲಿನ ಮಾತು ಅರ್ಧಕ್ಕ ಬಿಟ್ಟಿ. ಮೈಯಿಗೆ ಬೇಕಾದದ್ದು ಗ್ಲುಕೋಸ್ ಅಂತೀ. ಹಾಲಿನಾಗ ಅರ್ಧ ಆ ತಿರುಗಿದ್ದು. ಹಂಗಾದ್ರ ಕೂಸಿಗೆ ಅರ್ಧ ಹಾಲಿನ ಸಕ್ಕರಿ ದಂಡ ಆತಲ್ಲ?

ಮಗಳು: ದಂಡ ಆಗೂದಿಲ್ಲ, ಯಕೃತ್ತು ಅದನ್ನ ತಿರುಗಿಸಿ ಕೊಡ್ತದ. ಅಲ್ಲೊಂದು ಕಿಣ್ವ ಅದ, ಅದರ ಹೆಸರೇ ಎಪಿಮರೇಸ್. ಅದು ಕೆಲಸ ಮಾಡೂ ರೀತಿ ಕೇಳ್ರಿ. ಮೊದಲ ಬ್ಯಾರೆ ಕಿಣ್ವಗಳು ಗ್ಯಾಲಕ್ಟೋಸಿಗೆ ಯುಡಿಪಿ ಅನ್ನೂ ಹಿಡಿಕಿ ಕಟ್ಟಿ ಕಳಸ್ತಾವ. ಎಪಿಮರೇಸ್ ಅದನ್ನ ತನ್ನ ಒಳಗ ಕೂಡಿಸ್ಕೊಂಡು ನಾಕನೇ ಕಾರ್ಬನ್ನಿನ ಹೈಡ್ರೋಜನ್ ಕಿತ್ತು ಎನ್‌ಎಡಿ ಅನ್ನೂ ಸಂಗಾತಿ ಅಣುವಿನ ಕೈಯಾಗ ಕೊಡ್ತದ. ಆಗ ಆ ಕಾರ್ಬನ್ ಚಪ್ಪಟಿ ಆಗ್ತದ, ಅದಕ್ಕ ಎಡವೂ ಇಲ್ಲ ಬಲವೂ ಇಲ್ಲ. ಸಕ್ಕರಿ ಅಲ್ಲೇ ಒಳಗ ಮಗ್ಗಲ ಬದಲಸ್ತದ. ಅದೇ ಹೈಡ್ರೋಜನ್ ತಿರುಗಿ ಬಂದು ಇನ್ನೊಂದು ಬದಿಯಿಂದ ಕೂಡತದ. ಹೊರಗ ಬರೂದು ಗ್ಲುಕೋಸ್. ಈ ದಾರಿ ಬಿಡಿಸಿದವರು ಅರ್ಜೆಂಟೀನಾದ ಲೆಲ್ವಾರ್, ಅವರಿಗೆ 1970ರ ನೊಬೆಲ್.

ಕಾಕಾ: ಆ ಕಿಣ್ವ ಇಲ್ಲದ ಹುಟ್ಟಿದ ಕೂಸು?

ಮಗಳು: ಗ್ಯಾಲಕ್ಟೋಸೀಮಿಯಾ ಅಂತ ಆ ರೋಗಕ್ಕ. ಹೆಚ್ಚಿನ ಕೂಸುಗಳಲ್ಲಿ ಕೆಟ್ಟಿರೂದು ಎಪಿಮರೇಸ್ ಅಲ್ಲ, ಅದರ ಹಿಂದಿನ ಮೆಟ್ಟಿಲಿನ ಕಿಣ್ವ. ಎಪಿಮರೇಸೇ ಕೆಟ್ಟದ್ದು ಭಾಳ ಅಪರೂಪ. ತಾಯಿ ಎದಿಹಾಲು ಕುಡಿದ ಕೆಲವೇ ದಿನದಾಗ ವಾಂತಿ, ಕಾಮಣಿ, ಯಕೃತ್ತು ಬೀಗೂದು, ಕಣ್ಣಿಗೆ ಪೊರಿ. ದೃಷ್ಟಿ ತಾಗೇದ ಅಂತ ನಿವಾಳಿಸಿ ಕುಂತ್ರ ಕೂಸು ಕೈತಪ್ಪಿ ಹೋಗ್ತದ. ಹುಟ್ಟಿದ ಕೂಸಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತಗೊಂಡು ನೋಡಿದ್ರ ತಿಳೀತದ. ತಿಳಿದ ಕೂಡ್ಲೆ ಗ್ಯಾಲಕ್ಟೋಸ್ ಇಲ್ಲದ ಪುಡಿ ಹಾಲು ಕೊಟ್ರ ಜೀವ ಉಳೀತದ. ನಮ್ಮ ತಾಲೂಕಿನಂಥಾ ಕಡಿ ಹುಟ್ಟೂ ಎಲ್ಲಾ ಕೂಸಿಗೂ ಈ ಪರೀಕ್ಷಿ ಆಗಬೇಕು ಅಂತ ನಾ ಖರೇನ ಬಯಸ್ತೀನಿ.

ಕಾಕಾ: ಒಂದು ಓಎಚ್ ದಿಕ್ಕು ಇಷ್ಟು ಮಾಡ್ತದ ಅಂದ್ರ ಮೈಯಿಗೆ ಅದು ಗುರುತು ಸಿಗೂದಾದ್ರೂ ಹೆಂಗ?

ಮಗಳು: ಅದನ್ನ ನಮ್ಮ ಹೊಲದ ಶೇಂಗಾದೊಳಗನ ನೋಡ್ಯಾರ. ಶೇಂಗಾ ಕಾಳಿನಾಗ ಲೆಕ್ಟಿನ್ ಅನ್ನೂ ಪ್ರೋಟೀನ್ ಅದ. ಅದು ಗ್ಯಾಲಕ್ಟೋಸ್ ಹಿಡ್ಕೋತದ, ಗ್ಲುಕೋಸ್ ಕೊಟ್ರ ಬಿಡ್ತದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗ ಎಂ. ವಿಜಯನ್, ಎ. ಸುರೋಲಿಯಾ ಅವರ ತಂಡ 1994ರಾಗ ಶೇಂಗಾ ಲೆಕ್ಟಿನ್ನಿನ ಹರಳಿಗೆ ಎಕ್ಸ್‌ರೇ ಬಿಟ್ಟು ಅದರ ಪೂರಾ ಆಕಾರ ಬರದ್ರು. 1996ರಾಗ ಹಲಸಿನ ಬೀಜದ ಲೆಕ್ಟಿನ್ನಿಂದೂ ಬಂತು, ಅದಕ್ಕ ಜಾಕಲಿನ್ ಅಂತಾರ. ಸಕ್ಕರಿ ಕೂಡೂ ಸಣ್ಣ ತಗ್ಗಿನೊಳಗ ಪ್ರೋಟೀನಿನ ಗುಂಪುಗಳು ಸಕ್ಕರಿಯ ಓಎಚ್‌ಗಳ ಜೋಡಿ ಹೈಡ್ರೋಜನ್ ಬಂಧ ಕಟ್ಟತಾವ. ನಾಕನೇ ಓಎಚ್ ಸರಿಯಾದ ಕಡಿ ಇದ್ರ ಬಂಧ ಕೂಡ್ತದ, ಇಲ್ಲಂದ್ರ ಇಲ್ಲ. ರಕ್ತಕಣ, ಕ್ಯಾನ್ಸರ್ ಕಣದ ಮೈಮ್ಯಾಲಿನ ಸಕ್ಕರಿ ಗುರುತಿಸಾಕ ಈ ಶೇಂಗಾ ಲೆಕ್ಟಿನ್ ಪ್ರಯೋಗಶಾಲೆಗಳಲ್ಲಿ ದಿನಾ ಬಳಸ್ತಾರ.

ಕಾಕಾ: ಅವ್ವ ಕುಟ್ಟಿದ ಶೇಂಗಾ ಹಿಂಡಿಯೊಳಗೂ ಅದು ಇರ್ತದೇನ?

ಮಗಳು: ಇರ್ತದ. ಹುರದಷ್ಟು ಅದರ ಆಕಾರ ಕೆಡ್ತದ. ಆಕಾರ ಕೆಟ್ರ ಹಿಡಿಯೂ ಗುಣವೂ ಹೋಗ್ತದ.

ಕಾಕಾ: ನಮ್ಮ ಔಷಧ ಡಬ್ಬಿಗಳೊಳಗೂ ಎಪಿಮರ್ ಇರಾಕಬೇಕಲ್ಲ?

ಮಗಳು: ಅದಾವ, ಒಂದು ಹೇಳ್ತೀನಿ, ಅದನ್ನ ಲಕ್ಷ್ಯ ಕೊಟ್ಟು ಕೇಳ್ರಿ. ದಾಳಿಂಬ್ರಿಗೆ ತೇಲ್ಯಾ ರೋಗ ಬಂದಾಗ ಎಲ್ಲಾರೂ ಹೊಡೀತಿದ್ದ ಪುಡಿ ಸ್ಟ್ರೆಪ್ಟೊಮೈಸಿನ್ 90 ಪಾಲು, ಟೆಟ್ರಾಸೈಕ್ಲಿನ್ 10 ಪಾಲು. ಟೆಟ್ರಾಸೈಕ್ಲಿನ್ನಿಗೂ ಒಂದು ನಾಕನೇ ಕಾರ್ಬನ್ ಅದ. ಸ್ವಲ್ಪ ಹುಳಿ ನೀರಾಗ, ಪಿಎಚ್ 2ರಿಂದ 6ರ ನಡುವ, ಅಲ್ಲಿನ ಗುಂಪು ತಾನಾಗೇ ತಿರುಗಿ 4-ಎಪಿಟೆಟ್ರಾಸೈಕ್ಲಿನ್ ಆಗ್ತದ. ಹೀಂಗ ತಿರುಗಿದ್ದಕ್ಕ ಮೂಲದ ಶಕ್ತಿಯೊಳಗ ಸುಮಾರು 5 ಪ್ರತಿಶತ ಅಷ್ಟ ಉಳೀತದ. ಡ್ರಮ್ಮಿನ್ಯಾಗ ಅಂಥಾ ನೀರಾಗ ಕದಡಿ ರಾತ್ರಿ ಇಟ್ಟು ಮುಂಜಾನಿ ಹೊಡದ್ರ ಒಂದು ಪಾಲು ಹಿಂಗ ತಿರುಗಿ ಕುಂತಿರ್ತದ.

ಕಾಕಾ: ಮುಂಜಾನಿ ಹೊಡೀತಿದ್ದಾವ ನಾ ಒಬ್ಬಾವ ಅಲ್ಲ, ಊರ ತುಂಬ ಹಂಗ ಮಾಡ್ತಿದ್ರು.

ಮಗಳು: ಮನುಷ್ಯರಿಗೆ ಇದು ಇನ್ನೂ ದೊಡ್ಡ ಮಾತು. ಅವಧಿ ಮುಗಿದ, ಬಿಸಲಿಗೆ, ಹಸಿಗೆ ಬಿದ್ದ ಟೆಟ್ರಾಸೈಕ್ಲಿನ್ ಗುಳಿಗಿ ಮೊದಲ ಎಪಿಮರ್ ಆಗ್ತದ, ಆಮ್ಯಾಲ ನೀರಿನ ಅಂಶ ಕಳಕೊಂಡು ಇನ್ನೊಂದು ವಸ್ತು ಆಗ್ತದ. ಅದು ಮೂತ್ರಪಿಂಡದ ನಾಳಗಳಿಗೆ ವಿಷ. 1963ರಾಗ ಅಂಥಾ ಹಳೇ ಗುಳಿಗಿ ನುಂಗಿ ಜಡ್ಡು ಬಿದ್ದವರ ವರದಿ ವೈದ್ಯ ಪತ್ರಿಕೆಗಳಲ್ಲಿ ಬಂದಾವ. ತಾರೀಖು ದಾಟಿದ ಗುಳಿಗಿ ಡಬ್ಬಿಯಾಗ ಇಡಬ್ಯಾಡ್ರಿ ಅಂತ ನಾ ಅವ್ವಗ ಯಾವಾಗಲೂ ಹೇಳೂದು ಇದಕ್ಕ. ಇನ್ನ ಒಂದು ನನ್ನ ಅಭಿಪ್ರಾಯ: ಮನುಷ್ಯರ ಜೀವ ಉಳಿಸೂ ಆಂಟಿಬಯೋಟಿಕ್ಕನ್ನ ಗಿಡಕ್ಕ ಹೊಡಿಯೂದೇ ತಪ್ಪು. ರೋಗಾಣುಗಳು ಅದಕ್ಕ ಹೊಂದಿಕೊಂಡು ಬಿಟ್ರ ನಾಳೆ ದವಾಖಾನಿಯಾಗ ಅದು ಕೆಲಸಕ್ಕ ಬರೂದಿಲ್ಲ. ತೇಲ್ಯಾ ಬಿದ್ದ ಟೊಂಗಿ ಕತ್ತರಿಸಿ ಸುಡೂದು, ಕತ್ತರಿ ತೊಳಿಯೂದು, ಬೋರ್ಡೋ ಮಿಶ್ರಣ, ಇವನ್ನ ಬಿಡದ ಮಾಡ್ರಿ.

ಕಾಕಾ: ಬೇದಾಣಿಗೆ ಅದ್ದೂ ಡಿಪ್ಪಿಂಗ್ ಆಯಿಲ್? ಲೀಟರ್ ನೀರಿಗೆ 15 ಮಿಲಿ ಎಣ್ಣಿ, 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಹಾಕ್ತೀವಲ್ಲ, ಅದರಾಗೂ ತಿರುವು ಅದ ಏನ?

ಮಗಳು: ಅದು ಎಥೈಲ್ ಓಲಿಯೇಟ್. ಅದರ ತಿರುವು ಬ್ಯಾರೆ ಜಾತಿಯದು. ನಡುವಿನ ಜೋಡಿ ಬಂಧದ ಎರಡೂ ಬಾಲ ಒಂದೇ ಮಗ್ಗಲಕ್ಕ ಇರ್ತಾವ, ಅದಕ್ಕ ಸಿಸ್ ಅಂತಾರ. ಅಣು ಬಾಗಿರ್ತದ, ಅದಕ್ಕ ದ್ರವ. ಒಂದು ಬಾಲ ಆಚಿ ಮಗ್ಗಲಕ್ಕ ಹೋದ್ರ ಟ್ರಾನ್ಸ್, ಅಣು ನೆಟ್ಟಗ, ಅಂಥಾ ಬಾಲ ಇದ್ದ ಕೊಬ್ಬು ಲಗೂ ಗಟ್ಟಿ ಆಗ್ತದ. ವನಸ್ಪತಿ ತುಪ್ಪದ ಟ್ರಾನ್ಸ್ ಫ್ಯಾಟ್ ಅಂತಾರಲ್ಲ, ಅದೇ ಮಾತು. ನಮ್ಮ ದೇಶದಾಗ 2022ರಿಂದ ಅದಕ್ಕ 2 ಪ್ರತಿಶತದ ಮಿತಿ ಹಾಕ್ಯಾರ. ನನಗ ಅದಕ್ಕಿಂತ ದೊಡ್ಡ ಮಾತು ಇನ್ನೊಂದು ಅದ. ಅದು ನಿಮ್ಮ ಬಣಿವಿ ಮಾತು.

ಕಾಕಾ: ಕಣಿಕಿ ಬಣಿವಿ?

ಮಗಳು: ಹೌದು. ಗ್ಲುಕೋಸ್ ಗೆರಿ ಹಂಗ ಬರದ್ರೂ ನೀರಾಗ ಅದು ನೆಟ್ಟಗ ನಿಲ್ಲೂದಿಲ್ಲ. ಬಾಲ ತಲಿಗೆ ಕಚ್ಚಿಕೊಂಡು ಉಂಗುರ ಆಗ್ತದ. ಉಂಗುರ ಆಗೂಮುಂದ ಒಂದನೇ ಕಾರ್ಬನ್ನೂ ತಿರುಗೂ ಕೇಂದ್ರ ಆಗ್ತದ, ಅದರ ಓಎಚ್ ಕೆಳಗ ಬಿದ್ರ ಆಲ್ಫಾ, ಮ್ಯಾಲ ನಿಂತ್ರ ಬೀಟಾ. ಇವೂ ಎಪಿಮರೇ, ಒಂದನೇ ಕಾರ್ಬನ್ನಿನಾಗ ಆದದ್ದಕ್ಕ ಅನೋಮರ್ ಅಂತ ಹೆಸರು. ಇದನ್ನ ನಾ ನಮ್ಮ ಪ್ರಯೋಗಶಾಲಿಯಾಗ ನೋಡೀನಿ. ಕತ್ತಲ ಖೋಲಿ, ಹಳದಿ ಸೋಡಿಯಂ ದೀಪ. ಆಲ್ಫಾ ಗ್ಲುಕೋಸ್ ಆಗಷ್ಟ ನೀರಾಗ ಕರಗಿಸಿ ನಳಿಕೆಯಾಗ ಹಾಕಿ ಕಣ್ಣಿಟ್ಟು ನೋಡಿದ್ರ ದುಂಡನ ಬೆಳಕಿನ ಎರಡು ಅರ್ಧ, ಒಂದು ಮಬ್ಬು, ಒಂದು ಬೆಳ್ಳಗ. ತಿರುಪು ತಿರುಗಿಸಿ ಎರಡೂ ಸಮಾ ಮಾಡಿ ಅಂಕಿ ಬರ್ಕೋಬೇಕು. ಬರಕೊಂಡು ಮತ್ತ ನೋಡೂದ್ರಾಗ ಒಂದು ಅರ್ಧ ತಿರುಗಿ ಮಬ್ಬಾಗಿರ್ತದ. ಮತ್ತ ಸಮಾ ಮಾಡು, ಮತ್ತ ಸರೀತದ. ಲೆಕ್ಕ ಹಾಕಿದ್ರ 112ರಿಂದ ಸುರು ಆಗಿ ಇಳಕೋತ ಇಳಕೋತ 52.7ಕ್ಕ ಬಂದು ನಿಲ್ತದ. ಬೀಟಾದಿಂದ ಸುರು ಮಾಡಿದ್ರ 18.7ರಿಂದ ಏರಕೋತ ಬಂದು ಅಲ್ಲೇ ನಿಲ್ತದ. ನಿಂತಾಗ ನೂರಕ್ಕ 36 ಆಲ್ಫಾ, 64 ಬೀಟಾ. ಏನೂ ಹಾಕಿಲ್ಲ, ಏನೂ ತಗದಿಲ್ಲ, ಅಣುಗಳು ತಮ್ಮಷ್ಟಕ್ಕ ತಾವು ಮಗ್ಗಲ ಬದಲಸ್ಯಾವ.

ಕಾಕಾ: ನೀರಾಗ ಇದ್ದಾಗ ಹಂಗ ತಿರಗತಾವ. ಬಣಿವಿಗೂ ಇದಕ್ಕೂ ಏನು?

ಮಗಳು: ಸರಪಳಿ ಆದ ಮ್ಯಾಲ ತಿರಗೂದಿಲ್ಲ, ಅದು ಮುಖ್ಯ. ಗ್ಲುಕೋಸ್ ಉಂಗುರಗಳು ಆಲ್ಫಾ ರೀತಿಯಿಂದ ಕೂಡಿದ್ರ ಸರಪಳಿ ಸುರುಳಿ ಆಗ್ತದ, ಅದು ಪಿಷ್ಟ. ಜ್ವಾಳದ ಕಾಳು. ಅದೇ ಉಂಗುರ ಬೀಟಾ ರೀತಿಯಿಂದ ಕೂಡಿದ್ರ ಸರಪಳಿ ನೆಟ್ಟಗ ಆಗಿ ಒಂದಕ್ಕೊಂದು ಬಿಗಿಯಾಗಿ ಅಂಟಿ ಎಳಿ ಆಗ್ತದ, ಅದು ಸೆಲ್ಯುಲೋಸ್. ಜ್ವಾಳದ ಕಣಿಕಿ. ಒಂದೇ ಗಿಡ, ಮ್ಯಾಲ ತೆನಿ, ಕೆಳಗ ದಂಟು. ಮ್ಯಾಲಿನದು ನಾವು ರೊಟ್ಟಿ ಮಾಡಿ ತಿಂತೀವಿ. ಕೆಳಗಿನದೂ ಬಹುಪಾಲು ಸಕ್ಕರಿಯೇ, ಆದ್ರ ಆ ಬೀಟಾ ಕೀಲು ಕತ್ತರಿಸೂ ಕಿಣ್ವ ನಮ್ಮ ಹೊಟ್ಟಿಯಾಗ ಇಲ್ಲ.

ಕಾಕಾ: ಎಮ್ಮಿ ಹೊಟ್ಟಿಯಾಗ ಅದ.

ಮಗಳು: ಎಮ್ಮಿದೂ ಅಲ್ಲ, ಅದರ ಮೊದಲ ಹೊಟ್ಟಿಯಾಗಿರೂ ಸೂಕ್ಷ್ಮಜೀವಿಗಳದು. ಅವು ಬೀಟಾ ಕೀಲು ಕತ್ತರಿಸಿ ಗ್ಲುಕೋಸ್ ತಿಂದು ಪ್ರೊಪಿಯಾನಿಕ್‌ನಂಥಾ ಆಮ್ಲ ಬಿಡ್ತಾವ. ಎಮ್ಮಿ ಯಕೃತ್ತು ಆ ಆಮ್ಲದಿಂದ ಹೊಸದಾಗಿ ಗ್ಲುಕೋಸ್ ಕಟ್ತದ. ಅದು ರಕ್ತದಾಗ ಕೆಚ್ಚಲಕ್ಕ ಬರ್ತದ. ಕೆಚ್ಚಲದಾಗ ಆ ಎಪಿಮರೇಸ್ ಉಲ್ಟಾ ಕೆಲಸ ಮಾಡ್ತದ, ಸ್ವಲ್ಪ ಗ್ಲುಕೋಸಿನ ನಾಕನೇ ಕಾರ್ಬನ್ ತಿರುಗಿಸಿ ಗ್ಯಾಲಕ್ಟೋಸ್ ಮಾಡ್ತದ. ಅದು, ಇನ್ನೊಂದು ಗ್ಲುಕೋಸ್ ಕೂಡಿದ್ರ ಹಾಲಿನ ಸಕ್ಕರಿ. ಕೂಸು ಆ ಹಾಲು ಕುಡಿದ್ರ ಯಕೃತ್ತಿನಾಗ ಅದೇ ಕಾರ್ಬನ್ ಮತ್ತ ತಿರುಗಿ ಗ್ಲುಕೋಸ್.

ಕಾಕಾ: ಬರಗಾಲದಾಗ ಚಾರಾ ಛಾವಣಿ ಮುಂದ ದನ ಹಿಡ್ಕೊಂಡು ಪಾಳಿ ಹಚ್ಚಿ ನಿಂತಾಗ ಇದೆಲ್ಲಾ ಯಾರಿಗೆ ತಿಳಿದಿತ್ತು. ಒಣ ಕಣಿಕಿಯಾಗ ಕಸುವು ಇರೂದಿಲ್ಲ ಅಂತ ಅಷ್ಟ ಗೊತ್ತಿತ್ತು.

ಮಗಳು: ಕಸುವು ಅದ ಕಾಕಾ, ಸಿಗೂದಿಲ್ಲ ಅಷ್ಟ. ಸೆಲ್ಯುಲೋಸ್ ಎಳಿ ಸುತ್ತ ಲಿಗ್ನಿನ್ ಹತ್ತಿಕೊಂಡಿರ್ತದ, ಸೂಕ್ಷ್ಮಜೀವಿಗೆ ಕೀಲಿನ ತನಕ ಹೋಗಾಕ ದಾರಿ ಇರೂದಿಲ್ಲ. ಅದಕ್ಕೊಂದು ಮಾರ್ಗ ಅದ. 100 ಕಿಲೋ ಕತ್ತರಿಸಿದ ಕಣಿಕಿಗೆ 4 ಕಿಲೋ ಯೂರಿಯಾ, 50-60 ಲೀಟರ್ ನೀರಾಗ ಪೂರ್ತಿ ಕರಗಿಸಿ, ಪದರ ಪದರಿಗೆ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹಾಳಿಯಿಂದ ಗಾಳಿ ಹೋಗದಂಗ ಮುಚ್ಚಬೇಕು. 21 ದಿನ. ಯೂರಿಯಾ ಅಮೋನಿಯಾ ಆಗಿ ಆ ಲಿಗ್ನಿನ್ ಕಟ್ಟು ಸಡಿಲ ಮಾಡ್ತದ. ತಗದ ಮ್ಯಾಲ ತಾಸೊತ್ತು ಗಾಳಿಗೆ ಹರವಿ ವಾಸನಿ ಹೋದ ಮ್ಯಾಲ ಹಾಕ್ರಿ, ಮೊದಲ ಸ್ವಲ್ಪ, ಆಮ್ಯಾಲ ಏರಿಸಿಕೋತ.

ಕಾಕಾ: ಯೂರಿಯಾ ದನಕ್ಕ ವಿಷ ಅಂತಾರಲ್ಲ?

ಮಗಳು: ಕರಗಿಸದ ಹಂಗ ಹಾಕಿದ್ರ, ಇಲ್ಲಾ ಆ ನೀರು ಕುಡಿದ್ರ ಖರೇನ ವಿಷ. ತೂಕ ಮಾಡೇ ಹಾಕಬೇಕು, ಅಂದಾಜು ನಡಿಯೂದಿಲ್ಲ. ಮೊದಲನೇ ಸಲ ದನದ ಡಾಕ್ಟರ್‌ನ ಕರಕೊಂಡು ಬಂದು ಅವರ ಮುಂದ ಮಾಡ್ರಿ.

ಕಾಕಾ: ಕರುಗಳಿಗೆ?

ಮಗಳು: ಆರು ತಿಂಗಳೊಳಗಿನವಕ್ಕ ಬ್ಯಾಡ. ಅವುಗಳ ಹೊಟ್ಟಿಯಾಗ ಆ ಸೂಕ್ಷ್ಮಜೀವಿ ಇನ್ನೂ ಪೂರಾ ನೆಲಿ ನಿಂತಿರೂದಿಲ್ಲ.